ಮಾದರಿ ಎಂಜಿನ್ನಿಗೆ ಹೊಳೆಯುವ ಕಪ್ಪು: ಬಣ್ಣ ಹಚ್ಚಿ ಮುಗಿಸಿದ ಅನುಭವ

ಮಾದರಿ ರೈಲು ಎಂಜಿನ್ನುಗಳನ್ನು ಕಟ್ಟುವವರಲ್ಲಿ ಹಸಿರು, ಕೆಂಪು, ನೀಲಿ ಬಣ್ಣಗಳಿಗೆ ಹೆದರುವವರು ಹೆಚ್ಚು. ಕಪ್ಪೆಂದರೆ ಮಾತ್ರ ‘ಅದಕ್ಕೇನು, ಎರಡು ಕೈ ಹೊಡೆದರಾಯಿತು’ ಎನ್ನುವವರೇ ಬಹಳ. ಚಕ್ರ ಮತ್ತು ಚಾಸಿಗಳಿಗೆ ಹಚ್ಚುವ ಮಂಕುಗಪ್ಪಿನ ಮಟ್ಟಿಗೆ ಆ ಮಾತು ಸರಿ. ಕಾರ್ಖಾನೆಯಿಂದ ಆಗಷ್ಟೇ ಹೊರಬಂದ ಪ್ರಯಾಣಿಕ ಎಂಜಿನ್ನಿನ, ಮುಖ ಕಾಣುವಂಥ ಕಪ್ಪು ಬೇಕೆಂದು ಹೊರಟರೆ ಅದಕ್ಕಿಂತ ಹಟಮಾರಿಯಾದ ಬಣ್ಣ ಇನ್ನೊಂದಿಲ್ಲ. ಹಿತ್ತಾಳೆಯ ತಗಡುಗಳನ್ನು ಬೆಸೆದು 7 ಮಿ.ಮೀ. ಅಳತೆಯಲ್ಲಿ, ಅಂದರೆ ಮೂಲದ 43.5ರಲ್ಲಿ ಒಂದು ಪಾಲಿನಷ್ಟು ಗಾತ್ರದಲ್ಲಿ, ಕಟ್ಟಿದ ಉಗಿ ಎಂಜಿನ್ನೊಂದಕ್ಕೆ ಆ ಕಪ್ಪನ್ನು ಹಚ್ಚುವ ಕೆಲಸವನ್ನು ನಾನು ಈಗಷ್ಟೇ ಮುಗಿಸಿದ್ದೇನೆ. ಎಂಜಿನ್ನನ್ನು ಕಟ್ಟುವುದಕ್ಕೆ ಹಿಡಿದ ಕಾಲಕ್ಕಿಂತ ಅದನ್ನು ಕಪ್ಪಾಗಿಸುವುದಕ್ಕೆ ಹಿಡಿದ ಕಾಲವೇ ದೊಡ್ಡದು. ಅದರ ಬಹುಪಾಲು ಬಣ್ಣ ಸಿಂಪಡಿಸುವುದರಲ್ಲಿ ಹೋಗಲಿಲ್ಲ; ತೊಳೆಯುವುದು, ಉಜ್ಜುವುದು, ಕಾಯುವುದು, ಇವುಗಳಲ್ಲೇ ಹೋಯಿತು. ಹೊಳಪು ಬಣ್ಣದ ಡಬ್ಬಿಯಲ್ಲಿದೆ ಎಂದು ನಂಬಿ ಡಬ್ಬಿಯ ಮೇಲೆ ಡಬ್ಬಿ ಬದಲಿಸುತ್ತಿರುವವರಿಗೆ ಈ ಬರಹದಿಂದ ಸ್ವಲ್ಪ ಹಣವೂ ಬೇಸರವೂ ಉಳಿದರೆ ಸಾಕು.

ಕಪ್ಪು ಏಕೆ ಇಷ್ಟು ಕಷ್ಟ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಅದರ ಮೇಲೆಯೇ ನಿಂತಿವೆ. ಕೆಂಪು ಅಥವಾ ಹಸಿರು ಬಣ್ಣದ ಮೇಲೆ ಬೆಳಕು ಬಿದ್ದಾಗ ಅದರ ಒಂದು ಭಾಗ ಬಣ್ಣದ ಪುಡಿಯ ನಡುವೆ ಚದುರಿ ಎಲ್ಲ ದಿಕ್ಕಿಗೂ ಹೊರಬರುತ್ತದೆ. ಮೇಲ್ಮೈಯ ಸಣ್ಣಪುಟ್ಟ ಏರುತಗ್ಗುಗಳನ್ನು ಆ ಬೆಳಕು ಮರೆಸುತ್ತದೆ. ಕಪ್ಪು ಹಾಗಲ್ಲ. ಒಳಗೆ ಹೋದ ಬೆಳಕನ್ನು ಅದು ನುಂಗಿಬಿಡುವುದರಿಂದ ಕಣ್ಣಿಗೆ ತಲುಪುವುದು ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಮಾತ್ರ. ಹೀಗಾಗಿ ಹೊಳೆಯುವ ಕಪ್ಪನ್ನು ನೋಡುವುದೆಂದರೆ ಬಣ್ಣವನ್ನಲ್ಲ, ಮೇಲ್ಮೈಯ ಆಕಾರವನ್ನೇ ನೋಡಿದಂತೆ. ಟ್ಯೂಬ್‌ಲೈಟಿನ ಕೆಳಗೆ ಬಾಯ್ಲರನ್ನು ಹಿಡಿದು ಅದರ ಬೆನ್ನಿನ ಮೇಲೆ ಬೀಳುವ ಬಿಳಿಗೆರೆಯನ್ನು ಗಮನಿಸಿ. ಗೆರೆಯ ಅಂಚು ಚೂಪಾಗಿದ್ದರೆ ಕೆಲಸ ಚೆನ್ನಾಗಿದೆ. ಅಂಚು ಹಲ್ಲುಹಲ್ಲಾಗಿ ಒಡೆದಿದ್ದರೆ ಬಣ್ಣಗಾರರು ಕಿತ್ತಳೆ ಸಿಪ್ಪೆ ಎನ್ನುವ ದೋಷವಿದೆ. ಗೆರೆ ಒಂದೆಡೆ ಡೊಂಕಾಗಿದ್ದರೆ ಬಣ್ಣದ್ದಲ್ಲ, ಅಡಿಯ ತಗಡಿನದೇ ತಪ್ಪು. ಈ ಪರೀಕ್ಷೆಯೊಂದನ್ನು ಬಿಟ್ಟು ಬೇರೆ ಯಾವ ಅಳತೆಗೋಲನ್ನೂ ನಾನು ಕೊನೆಯವರೆಗೆ ಬಳಸಲಿಲ್ಲ.

ನಾನು ಆರಿಸಿಕೊಂಡದ್ದು ಬ್ರಿಟನ್ನಿನ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ‘ಇಂಪ್ರೂವ್ಡ್ ಪ್ರೆಸಿಡೆಂಟ್’ (Improved Precedent) ವರ್ಗದ ಎಂಜಿನ್ನು. ಆ ಕಂಪನಿಯ ಎಂಜಿನ್ನುಗಳು ಮೊದಲು ಹಸಿರಾಗಿದ್ದವು. ಎಂಜಿನ್ ವಿಭಾಗದ ಮುಖ್ಯಸ್ಥ ಫ್ರಾನ್ಸಿಸ್ ವೆಬ್ ಅವರ ಆಡಳಿತದಲ್ಲಿ, 1873ರಲ್ಲಿ, ‘ಬ್ಲ್ಯಾಕ್‌ಬೆರಿ ಬ್ಲ್ಯಾಕ್’ ಎಂದು ಹೆಸರಾದ ಕಪ್ಪು ಬಂತು. ಅದರ ಮೇಲೆ ಕೆಂಪು, ಕೆನೆ ಮತ್ತು ಬೂದು ಬಣ್ಣದ ತೆಳುಗೆರೆಗಳು. 1948ರ ನಂತರ ಬ್ರಿಟಿಷ್ ರೈಲ್ವೇಸ್ ತನ್ನ ಮಿಶ್ರ ಸಂಚಾರದ ಎಂಜಿನ್ನುಗಳಿಗೆ ಬಳಸಿದ ಗೆರೆಗಪ್ಪು ಕೂಡ ಇದೇ ಮಾದರಿಯದಾದ್ದರಿಂದ, ಆ ಕಾಲದ ಎಂಜಿನ್ನುಗಳನ್ನು ಕಟ್ಟುವವರಿಗೂ ಇಲ್ಲಿನ ಮಾತುಗಳು ಅನ್ವಯಿಸುತ್ತವೆ. ಕಠಿಣವಾದ ಸಂಗತಿಯೊಂದು ಆಮೇಲೆ ಅರಿವಿಗೆ ಬಂತು: ಈ ಕಂಪನಿಯ ಟೆಂಡರುಗಳ, ಅಂದರೆ ಎಂಜಿನ್ನಿನ ಹಿಂದೆ ಕಲ್ಲಿದ್ದಲು ಮತ್ತು ನೀರು ಹೊರುವ ಬಂಡಿಗಳ, ಪಕ್ಕೆಯ ಮೇಲೆ ಅಕ್ಷರಗಳೇ ಇರಲಿಲ್ಲ. ಇಡೀ ಪಕ್ಕೆ ಗೆರೆಗಳ ಚೌಕಟ್ಟಿನೊಳಗೆ ಬರಿದೇ ಹೊಳೆಯುವ ಕಪ್ಪು. ಕಣ್ಣನ್ನು ಬೇರೆಡೆಗೆ ಸೆಳೆಯುವ ಹೆಸರಿಲ್ಲ, ಲಾಂಛನವಿಲ್ಲ.

ಕಾಗದಪತ್ರಗಳನ್ನು ಕೂಡಿಸುವುದು ಒಂದು ಪ್ರತ್ಯೇಕ ಅಧ್ಯಾಯ. ಹಳೆಯ ಚಿತ್ರಗಳಲ್ಲಿ ಎಂಜಿನ್ನು ಎಷ್ಟು ಹೊಳೆಯುತ್ತಿತ್ತೆಂದು ತಿಳಿಯಹೊರಟರೆ ಎರಡು ತೊಡಕುಗಳು ಎದುರಾಗುತ್ತವೆ. ಒಂದು, ಕಾರ್ಖಾನೆಗಳು ಹೊಸ ಎಂಜಿನ್ನುಗಳ ಅಧಿಕೃತ ಚಿತ್ರ ತೆಗೆಯುವಾಗ ಅವಕ್ಕೆ ಹಲವು ಸಲ ಮಂಕಾದ ಬೂದು ಬಣ್ಣ ಹಚ್ಚುತ್ತಿದ್ದವು, ಏಕೆಂದರೆ ಹೊಳೆಯುವ ಕಪ್ಪಿನಲ್ಲಿ ವಿವರಗಳು ಚಿತ್ರಕ್ಕೆ ಸಿಗುತ್ತಿರಲಿಲ್ಲ. ಆ ಬೂದು ಎಂಜಿನ್ನನ್ನು ಕಂಡು ‘ಹೊಳಪೇ ಇರಲಿಲ್ಲ’ ಎಂದು ತೀರ್ಮಾನಿಸುವುದು ಅಪಾಯ. ಎರಡು, ಅಂದಿನ ಆರ್ಥೋಕ್ರೋಮ್ಯಾಟಿಕ್ ಫಲಕಗಳು ಕೆಂಪನ್ನು ಗ್ರಹಿಸುತ್ತಿರಲಿಲ್ಲ; ಕೆಂಪು ಗೆರೆ ಚಿತ್ರದಲ್ಲಿ ಕಪ್ಪಾಗಿಯೇ ಮೂಡಿ ಕಪ್ಪಿನೊಳಗೆ ಕರಗಿಹೋಗುತ್ತದೆ. ಚಿತ್ರದಲ್ಲಿ ಕಾಣದ ಗೆರೆ ಎಂಜಿನ್ನಿನ ಮೇಲೂ ಇರಲಿಲ್ಲವೆಂದು ಅರ್ಥವಲ್ಲ. ನನ್ನ ಗೊಂದಲ ಬಗೆಹರಿದದ್ದು ಇದೇ ವರ್ಗದ ‘ಹಾರ್ಡ್‌ವಿಕ್’ ಎಂಬ 790ನೆಯ ಸಂಖ್ಯೆಯ ಎಂಜಿನ್ನಿನಿಂದ. ಅದು ಬ್ರಿಟನ್ನಿನ ರಾಷ್ಟ್ರೀಯ ಸಂಗ್ರಹದಲ್ಲಿ ಈಗಲೂ ಕಪ್ಪಾಗಿಯೇ ಉಳಿದಿದೆ ಮತ್ತು ಅದರ ಬಣ್ಣದ ಚಿತ್ರಗಳು ಧಾರಾಳವಾಗಿ ಸಿಗುತ್ತವೆ.

ಈ ಚಿತ್ರಗಳನ್ನು ಹಿಗ್ಗಿಸಿ ನೋಡಿದಾಗ ಇನ್ನೊಂದು ಮುಖ್ಯ ವಿಷಯ ಖಚಿತವಾಯಿತು. ಎಂಜಿನ್ನಿನ ಕಪ್ಪು ಒಂದೇ ಕಪ್ಪಲ್ಲ. ಬಾಯ್ಲರಿನ ಮೇಲೆ ನಮಗೆ ಕಾಣುವುದು ನಿಜವಾದ ಬಾಯ್ಲರ್ ಅಲ್ಲ. ಶಾಖ ತಡೆಯುವ ಪದರದ ಮೇಲೆ ಹೊದಿಸಿದ ತೆಳು ತಗಡು. ಅದು ನಯವಾಗಿದ್ದು ವಾರ್ನಿಷಿನ ಹೊಳಪನ್ನು ತಾಳಿಕೊಳ್ಳುತ್ತದೆ. ಅದರ ಮುಂದಿರುವ, ಚಿಮಣಿಯನ್ನು ಹೊತ್ತ ಸ್ಮೋಕ್‌ಬಾಕ್ಸಿಗೆ ಅಂಥ ಹೊದಿಕೆಯಿಲ್ಲ. ಒಳಗಿನ ಬಿಸಿಗೆ ನೇರವಾಗಿ ಸಿಕ್ಕುವ ಅದರ ಕಪ್ಪು ಬೇಗನೆ ಮಂಕಾಗುತ್ತದೆ. ಕ್ಯಾಬಿನ ಚಾವಣಿ, ಚಾಸಿ, ಪಾದಹಲಗೆಯ (ಬಾಯ್ಲರಿನ ಇಕ್ಕೆಲದ ನಡೆಹಲಗೆಯ) ಮೇಲ್ಭಾಗ, ಇವೂ ಮಂಕೇ. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಹೊಳೆಯಿಸಿದ ಮಾದರಿ ಆಟಿಕೆಯಂತೆ ಕಾಣುವುದಕ್ಕೆ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ‘ಮಾದರಿಯ ಗಾತ್ರಕ್ಕೆ ಪೂರ್ಣ ಹೊಳಪು ಹೊಂದುವುದಿಲ್ಲ, ಅರೆಹೊಳಪೇ ಸರಿ’ ಎಂಬ ವಾದ ನಮ್ಮಲ್ಲಿ ಬಹಳ ಹಳೆಯದು. ದುಡಿಯುವ ಗೂಡ್ಸ್ ಎಂಜಿನ್ನಿನ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ದಿನವೂ ಒರೆಸಿ ಮಿನುಗಿಸುತ್ತಿದ್ದ ಪ್ರಯಾಣಿಕ ಎಂಜಿನ್ನಿಗೆ ಒಪ್ಪುವುದಿಲ್ಲ.

ಬಣ್ಣದ ಆಯ್ಕೆಗೆ ಬಂದೆ. ಇಲ್ಲಿ ಓದಬೇಕಾದ ಕಾಗದ ಬೇರೆ: ತಯಾರಕರು ಕೊಡುವ ತಾಂತ್ರಿಕ ಹಾಳೆ ಮತ್ತು ಸುರಕ್ಷತಾ ಹಾಳೆ. ಡಬ್ಬಿಯ ಮೇಲಿನ ಎರಡು ಸಾಲನ್ನು ನಂಬದೆ ಇವನ್ನು ಪೂರ್ತಿ ಓದಿ. ಯಾವ ತಿನ್ನರ್, ಎರಡು ಪದರಗಳ ನಡುವೆ ಎಷ್ಟು ಅಂತರ, ಪೂರ್ತಿ ಗಟ್ಟಿಯಾಗಲು ಎಷ್ಟು ಕಾಲ, ಎಲ್ಲವೂ ಅಲ್ಲಿರುತ್ತವೆ. ಹಂಬ್ರಾಲ್ 21ರಂಥ ಎನಾಮೆಲ್ ಕಪ್ಪು ತಾನಾಗಿ ಹರಡಿಕೊಂಡು ಚೆಲುವಾದ ಹೊಳಪು ಕೊಡುತ್ತದೆ, ಆದರೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನಿಧಾನವಾಗಿ ಗಟ್ಟಿಯಾಗುವ ಅದು ಗಂಟೆಗಟ್ಟಲೆ ಅಂಟಾಗಿಯೇ ಇದ್ದು, ಸುತ್ತಲಿನ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ತಮಿಯಾ ಎಕ್ಸ್-1ರಂಥ ಅಕ್ರಿಲಿಕ್ ಬೇಗ ಒಣಗುತ್ತದೆ, ಆದರೆ ಪದರ ಮೃದು. ಉಜ್ಜಿ ಮಿರುಗಿಸುವಾಗ ತಾಳಿಕೊಳ್ಳುವುದು ಕಷ್ಟ. ಎರಡು ಭಾಗಗಳನ್ನು ಬೆರೆಸುವ ಪಾಲಿಯುರೆಥೇನ್ ಹೊಳಪಿನಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಹೊರಗಿನ ಶುದ್ಧಗಾಳಿ ಪೂರೈಸುವ ಮುಖವಾಡವಿಲ್ಲದೆ ಅದನ್ನು ಮನೆಯಲ್ಲಿ ಸಿಂಪಡಿಸಕೂಡದು. ನಾನು ಆ ದಾರಿಯನ್ನು ಬಿಟ್ಟೆ. ಉಳಿದದ್ದು ಲ್ಯಾಕರ್: ತಮಿಯಾ ಎಲ್‌ಪಿ-1, ಮಿಸ್ಟರ್ ಕಲರ್ ಮಾಲಿಕೆಯ ಜಿಎಕ್ಸ್2 ಉಎನೋ ಬ್ಲ್ಯಾಕ್, ಇಂಥವು. ದ್ರಾವಕ ಆರಿದೊಡನೆ ಗಟ್ಟಿಯಾಗುವ, ಹೊಸ ಪದರ ಹಳೆಯದರೊಳಗೆ ಕರಗಿ ಬೆಸೆದುಕೊಳ್ಳುವ, ಉಜ್ಜಿದರೆ ತಾಳುವ ಬಣ್ಣ. ಲ್ಯಾಕರಿಗೂ ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮುಖವಾಡ ಮತ್ತು ಹೊರಕ್ಕೆ ಗಾಳಿ ತಳ್ಳುವ ಸ್ಪ್ರೇ ಬೂತ್ ಅನಿವಾರ್ಯ. ಬಟ್ಟೆಯ ಮುಖಗವಸು ಆವಿಯನ್ನು ತಡೆಯುವುದಿಲ್ಲ. ಬೂದು ಪ್ರೈಮರಿನಿಂದ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಲೇಪದಿಂದ, ಕಪ್ಪಿನ ಕೊನೆಯ ಪದರದವರೆಗೆ ಒಂದೇ ಕುಟುಂಬದ ಬಣ್ಣಗಳಿಗೆ ಅಂಟಿಕೊಂಡದ್ದು ಈ ಕೆಲಸದಲ್ಲಿ ನನಗೆ ದೊರೆತ ದೊಡ್ಡ ನೆಮ್ಮದಿ. ಪೂರ್ತಿ ಗಟ್ಟಿಯಾಗದ ಎನಾಮೆಲ್ಲಿನ ಮೇಲೆ ಲ್ಯಾಕರ್ ಬಿದ್ದರೆ ಅಡಿಯ ಪದರ ಉಬ್ಬಿ ಸುಕ್ಕುಗಟ್ಟುತ್ತದೆ.

ಕೆಲಸ ಶುರುವಾದದ್ದು ತೊಳೆಯುವುದರಿಂದ. ಬೆಸುಗೆಗೆ ಬಳಸಿದ ಆಮ್ಲದ ಫ್ಲಕ್ಸ್ ತಗಡುಗಳ ಸಂದಿನಲ್ಲಿ ಕುಳಿತಿರುತ್ತದೆ. ಮೇಲೆ ಎಷ್ಟು ಚೊಕ್ಕವಾಗಿ ಕಂಡರೂ ಕೆಲವು ದಿನ ಬಿಟ್ಟು ನೋಡಿದರೆ ಕೂಡುಗಳಲ್ಲಿ ಹಸಿರು ಕಲೆ ಇಣುಕುತ್ತದೆ. ಆದ್ದರಿಂದ ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಆಮ್ಲವನ್ನು ತಣಿಸಿ, ಪಾತ್ರೆ ತೊಳೆಯುವ ದ್ರವ ಮತ್ತು ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು, ಕೊನೆಗೆ ಶುದ್ಧೀಕರಿಸಿದ ನೀರಿನಲ್ಲಿ ಜಾಲಿಸಿ, ಮುಚ್ಚಿದ ಡಬ್ಬದಲ್ಲಿ ಒಂದು ವಾರ ಸುಮ್ಮನೆ ಇಟ್ಟೆ. ಹಸಿರು ಇಣುಕಿದ ಕಡೆಗಳನ್ನು ಮತ್ತೆ ತೊಳೆದೆ. ಈ ವಾರವನ್ನು ಉಳಿಸಲು ಹೋಗಬೇಡಿ. ಕಪ್ಪಿನ ಅಡಿಯಿಂದ ಎದ್ದ ಹಸಿರಿಗೆ ಬಣ್ಣ ಕಿತ್ತು ತೆಗೆಯುವುದೊಂದೇ ಮದ್ದು. ಚಿಮಣಿ, ಡೋಮ್ ಮೊದಲಾದ ಬಿಳಿಲೋಹದ ಅಚ್ಚುಗಳನ್ನು 70 ಡಿಗ್ರಿಯಲ್ಲಿ ಕರಗುವ ಬೆಸುಗೆಯಿಂದ ಕೂಡಿಸಿದ್ದರೆ ನೀರು ಕೈಗೆ ಹಿತವಾಗುವಷ್ಟೇ ಬಿಸಿಯಿರಲಿ, ಒಣಗಿಸಲು ಒಲೆಯ ಬಳಿಗೂ ಒಯ್ಯಬೇಡಿ. ಇಲ್ಲಿಂದ ಮುಂದೆ ಎಂಜಿನ್ನನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಒಳಬದಿಗೆ ಮರದ ಹಿಡಿಯೊಂದನ್ನು ತಿರುಪಿನಿಂದ ಬಿಗಿದುಕೊಂಡು, ಕೈಗವಸು ತೊಟ್ಟೇ ಕೆಲಸ ಮಾಡಿದೆ.

ಬಣ್ಣಕ್ಕೆ ಮೊದಲೇ ಎಂಜಿನ್ನನ್ನು ಎಷ್ಟು ಭಾಗಗಳಾಗಿ ಬಿಡಿಸಿಕೊಳ್ಳಬಹುದೋ ಅಷ್ಟು ಒಳ್ಳೆಯದು. ಚಾಸಿ, ಟೆಂಡರಿನ ತೊಟ್ಟಿ, ಕ್ಯಾಬಿನ ಚಾವಣಿ, ಬಫರುಗಳು, ಕೈಕಂಬಿಗಳು, ಹೆಸರು ಫಲಕಗಳು, ಎಲ್ಲವೂ ಬೇರೆ ಬೇರೆ. ಬಾಯ್ಲರು ಪಾದಹಲಗೆಯಿಂದ ಬಿಡಿಸಿಕೊಳ್ಳುವಂತಿದ್ದರೆ ನೀವು ಭಾಗ್ಯವಂತರು; ನನ್ನದು ಬೆಸೆದೇ ಇತ್ತು, ಮತ್ತು ಚಕ್ರಗಳ ಕಮಾನು ಹೊದಿಕೆಗೂ ಬಾಯ್ಲರಿಗೂ ನಡುವಿನ ಇಕ್ಕಟ್ಟಾದ ಸಂದು ಉದ್ದಕ್ಕೂ ನನ್ನನ್ನು ಕಾಡಿತು.

ಪ್ರೈಮರ್ ಎರಡು ಹಂತದ್ದು. ಹಿತ್ತಾಳೆಯನ್ನು ಕಚ್ಚಿ ಹಿಡಿಯಲು ಮೊದಲು ಆಮ್ಲವಿರುವ ಎಚ್ (etch) ಪ್ರೈಮರ್, ತೀರ ತೆಳುವಾಗಿ. ಅದು ನೀರನ್ನು ಹೀರಿಕೊಳ್ಳುವ ಸ್ವಭಾವದ್ದಾದ್ದರಿಂದ ಅದರ ಮೇಲೆ ನೀರು ಹಾಕಿ ಉಜ್ಜಬಾರದು. ಅದಕ್ಕಾಗಿ ಮೇಲೊಂದು ಬೂದು ಲ್ಯಾಕರ್ ಪ್ರೈಮರ್, ಮಿಸ್ಟರ್ ಸರ್ಫೇಸರ್ 1500ರಂಥದು. ಕಪ್ಪು ಪ್ರೈಮರೂ ಸಿಗುತ್ತದೆ, ಆದರೆ ಬೂದಿನ ಮೇಲೆ ಕಪ್ಪು ಎಲ್ಲಿ ಕೂತಿಲ್ಲವೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಪ್ಪಿನ ಮೇಲೆ ಕಾಣುವುದಿಲ್ಲ.

ಈ ಬೂದು ಹಂತದಲ್ಲಿಯೇ ಹೊಳಪು ತೀರ್ಮಾನವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ತೊಡಕೆಂದರೆ ಬೂದು ಪ್ರೈಮರ್ ಮಂಕಾಗಿರುತ್ತದೆ. ಮಂಕು ಎಲ್ಲ ದೋಷಗಳನ್ನೂ ಮುಚ್ಚಿಡುತ್ತದೆ. ಕೈಬೆರಳಿಗೆ ನಯ, ಕಣ್ಣಿಗೆ ನಯ, ಕಪ್ಪು ಬಿದ್ದೊಡನೆ ಮಾತ್ರ ಕೂಡುಗೆರೆ, ಅರದ ಗೀರು, ಸೂಜಿರಂಧ್ರ, ಎಲ್ಲವೂ ಮೇಲೇಳುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ: ಉಜ್ಜಿದ ಪ್ರೈಮರಿನ ಮೇಲೆ ಶುದ್ಧ ನೀರನ್ನು ಬ್ರಷ್ಷಿನಿಂದ ಹರಡಿ ಟ್ಯೂಬ್‌ಲೈಟಿನ ಕೆಳಗೆ ಹಿಡಿಯುವುದು. ಒದ್ದೆಯಾಗಿರುವ ಆ ಕೆಲವು ಕ್ಷಣ ಬೂದು ಮೇಲ್ಮೈ ಹೊಳೆಯುತ್ತದೆ, ಮುಂದೆ ಕಪ್ಪು ಏನನ್ನು ಹೇಳಲಿದೆಯೋ ಅದನ್ನು ಮುಂಚೆಯೇ ಹೇಳಿಬಿಡುತ್ತದೆ. ನೀರು ಮುದ್ದೆಗಟ್ಟಿದರೆ ಒಂದು ಹನಿ ಸೋಪು ಬೆರೆಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಹೀಗೆ ನೋಡಿದಾಗ ಟೆಂಡರಿನ ಪಕ್ಕೆಯ ನಡುವೆ ಅಂಗೈಯಷ್ಟೂ ಇಲ್ಲದ ಜಾಗದಲ್ಲಿ ಬೆಸುಗೆಯ ಬಿಸಿಗೆ ತಗಡು ಒಳಗೆ ಸೆಳೆದುಕೊಂಡಿದ್ದ ತಗ್ಗು ಕಂಡಿತು. ನಿಜ ಹೇಳಬೇಕೆಂದರೆ ಆ ಸಂಜೆ ಕೆಲಸವನ್ನೇ ಬದಿಗಿಡುವ ಮನಸ್ಸಾಗಿತ್ತು. ಪುಟ್ಟಿಯನ್ನು ತೆಳುವಾಗಿ ಎಳೆದು, ಒಣಗಲು ಬಿಟ್ಟು, ಚಪ್ಪಟೆ ಮರದ ತುಂಡಿಗೆ ಸುತ್ತಿದ 1500ರ ವಾಟರ್ ಪೇಪರಿನಿಂದ (ಅಂಕಿ ಹೆಚ್ಚಿದಷ್ಟೂ ನಯವಾದ ಉಜ್ಜುಕಾಗದ) ಉಜ್ಜಿ, ಮತ್ತೆ ಪ್ರೈಮರ್ ಹೊಡೆದು, ಮತ್ತೆ ಒದ್ದೆಮಾಡಿ ನೋಡುವುದು ಎಷ್ಟೋ ಸಲ ನಡೆಯಿತು. ಬೆರಳಿನಿಂದ ನೇರವಾಗಿ ಉಜ್ಜಿದರೆ ಬೆರಳ ಗುರುತಿನ ಕಾಲುವೆಗಳೇ ಮೂಡುತ್ತವೆ. ಸಮತಟ್ಟಾದ ಜಾಗಕ್ಕೆ ಗಟ್ಟಿಯಾದ ಒತ್ತು ಬೇಕೇ ಬೇಕು.

ಉಜ್ಜುವುದೆಲ್ಲ ಮುಗಿದ ಮೇಲೂ ಒಂದು ಲೆಕ್ಕ ತಲೆಯಲ್ಲಿರಲಿ. ಈ ಅಳತೆಯಲ್ಲಿ 0.1 ಮಿ.ಮೀ. ದಪ್ಪದ ಬಣ್ಣವೆಂದರೆ ನಿಜವಾದ ಎಂಜಿನ್ನಿನ ಮೇಲೆ 4 ಮಿಲಿಮೀಟರಿಗೂ ಹೆಚ್ಚು ದಪ್ಪದ ಲೇಪ. ಹೊಳಪಿಗಾಗಿ ಪದರದ ಮೇಲೆ ಪದರ ಏರಿಸುತ್ತ ಹೋದರೆ ರಿವೆಟ್ಟಿನ ತಲೆಗಳೂ ಬಾಯ್ಲರ್ ಪಟ್ಟಿಗಳ ಅಂಚುಗಳೂ ಮುಳುಗಿ, ಎಂಜಿನ್ನು ಮೇಣದಲ್ಲಿ ಅದ್ದಿದಂತಾಗುತ್ತದೆ. ಅಡಿಯ ಮೇಲ್ಮೈಯನ್ನು ಇಷ್ಟು ಕಾಡಿ ನಯಗೊಳಿಸುವುದು ಮೇಲಿನ ಕಪ್ಪು ತೆಳುವಾಗಿಯೇ ಉಳಿಯಲಿ ಎಂಬುದಕ್ಕಾಗಿ.

ಸಿಂಪಡಿಸುವ ದಿನವನ್ನು ಆರಿಸುವುದು ನಮ್ಮ ಕೈಯಲ್ಲಿಲ್ಲ, ಹವೆಯ ಕೈಯಲ್ಲಿದೆ. ಲ್ಯಾಕರಿನ ದ್ರಾವಕ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಹಸಿ ಬಣ್ಣದ ಮೇಲೆ ಸಾಂದ್ರಗೊಂಡು ಹಾಲಿನಂಥ ಬಿಳಿ ಮಬ್ಬು ಕಟ್ಟುತ್ತದೆ. ಬೇರೆ ಬಣ್ಣದಲ್ಲಿ ಅಷ್ಟಾಗಿ ಕಾಣದ ಈ ಮಬ್ಬು ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಆದ್ದರಿಂದ ಆರ್ದ್ರತೆ ತೋರಿಸುವ ಸಣ್ಣ ಯಂತ್ರವೊಂದನ್ನು ಮೇಜಿನ ಮೇಲಿಟ್ಟುಕೊಂಡು, ಅದು ಶೇ. 60ಕ್ಕಿಂತ ಕೆಳಗಿರುವ ದಿನಕ್ಕಾಗಿ ಕಾಯುತ್ತಿದ್ದೆ. ಶೇ. 70 ದಾಟಿದ ದಿನ ಲ್ಯಾಕರನ್ನು ಮುಟ್ಟದಿರುವುದೇ ಲೇಸು. ಇದರ ಜೊತೆಗೆ ಧೂಳಿನ ಸಮಸ್ಯೆ. ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಕೂರಿಸಬೇಕು ಎಂಬ ಸಲಹೆ ಎಲ್ಲ ಕಡೆಯೂ ಕೇಳಿಬರುತ್ತದೆ. ಆದರೆ ಅದೇ ನೀರು ಕೋಣೆಯ ಆರ್ದ್ರತೆಯನ್ನೂ ಏರಿಸುತ್ತದೆ. ಎರಡಕ್ಕೂ ಹೊಂದುವ ದಾರಿಯಾಗಿ, ಹಿಂದಿನ ರಾತ್ರಿಯೇ ಒದ್ದೆಬಟ್ಟೆಯಿಂದ ನೆಲ, ಮೇಜು, ಬೂತಿನ ಗೋಡೆಗಳನ್ನು ಒರೆಸಿ ಕೋಣೆಯನ್ನು ಮುಚ್ಚಿ, ಬೆಳಗ್ಗೆ ಬೂತಿನ ಫ್ಯಾನನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ, ಆಮೇಲೆ ಎಂಜಿನ್ನನ್ನು ಒಳಗೆ ತರುತ್ತಿದ್ದೆ. ಉಣ್ಣೆಯ ಬಟ್ಟೆ ತೊಟ್ಟು ಈ ಕೆಲಸಕ್ಕೆ ಹೋಗಬೇಡಿ. ಸಿಂಪಡಿಸಿದೊಡನೆ ಕವುಚಿ ಮುಚ್ಚಲು ಒಳಗೆ ಒರೆಸಿಟ್ಟ ದೊಡ್ಡ ಪ್ಲಾಸ್ಟಿಕ್ ಡಬ್ಬವೊಂದು ಕೈಯಳತೆಯಲ್ಲಿರಲಿ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ವಿಷಯ. ತೆಳುಗೆರೆ ಎಳೆಯುವ 0.2 ಮಿ.ಮೀ. ಮೂತಿ ಇಲ್ಲಿ ಪ್ರಯೋಜನಕ್ಕೆ ಬಾರದು, 0.4 ಅಥವಾ 0.5 ಮಿ.ಮೀ. ಮೂತಿ ಹಸಿಯಾದ, ಅಗಲವಾದ ಪದರವನ್ನು ಹಾಕುತ್ತದೆ. ಒಂದು ಪಾಲು ಬಣ್ಣಕ್ಕೆ ಒಂದೂವರೆ ಪಾಲು ನಿಧಾನವಾಗಿ ಆರುವ ಲೆವೆಲಿಂಗ್ ತಿನ್ನರ್, 15ರಿಂದ 20 ಪಿ.ಎಸ್.ಐ. ಒತ್ತಡ, ಸುಮಾರು 10 ಸೆಂ.ಮೀ. ದೂರ, ಇವು ನನಗೆ ಒಗ್ಗಿದ ಅಳತೆಗಳು. ಕಂಪ್ರೆಸರಿಗೆ ನೀರು ಹಿಡಿಯುವ ಸೋಸುಕ ಇರಲೇಬೇಕು. ಮೊದಲು ಗುಂಡಗಿನ ತಗಡಿನ ಡಬ್ಬಿಯೊಂದರ ಮೇಲೆ ಅದೇ ಪ್ರೈಮರ್, ಅದೇ ಬಣ್ಣ ಹೊಡೆದು ಕೈ ಪಳಗಿಸಿಕೊಳ್ಳಿ. ಬಾಯ್ಲರಿನ ದುಂಡನ್ನು ಅದು ಚೆನ್ನಾಗಿ ಕಲಿಸುತ್ತದೆ.

ಹಸಿಯಾಗಿ ಹೊಡೆಯಬೇಕು ಎಂಬುದಕ್ಕೆ ಭೌತಶಾಸ್ತ್ರದ ಕಾರಣವಿದೆ. ಹಸಿ ಬಣ್ಣದ ಮೇಲ್ಮೈ ತನ್ನ ಬಿಗುವಿನಿಂದಲೇ ಸಮತಟ್ಟಾಗಲು ಎಳೆಯುತ್ತಿರುತ್ತದೆ. ಅದರ ವೇಗ ಪದರದ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಇಮ್ಮಡಿಯಾದರೆ ವೇಗ 8 ಪಟ್ಟು. ಬಣ್ಣದ ಅಲೆಗಳು ಎರಡು ಪಟ್ಟು ಅಗಲವಾಗಿದ್ದರೆ ಮಾತ್ರ ಅವು ತಗ್ಗಲು 16 ಪಟ್ಟು ಹೊತ್ತು ಬೇಕು. ಅದಕ್ಕೇ ಸಣ್ಣ ಹನಿಗಳ ಗುರುತು ಕಣ್ಣೆದುರೇ ಕರಗುತ್ತದೆ, ಕಿತ್ತಳೆ ಸಿಪ್ಪೆಯ ಅಗಲವಾದ ಏರುತಗ್ಗು ಮಾತ್ರ ಬಣ್ಣ ಗಟ್ಟಿಯಾಗುವವರೆಗೂ ಉಳಿದುಬಿಡುತ್ತದೆ. ಮಂಜಿನಂತೆ ತೆಳ್ಳಗೆ ಎಷ್ಟು ಪದರ ಹಾಕಿದರೂ ಅವು ಸಮತಟ್ಟಾಗಲಾರವು. ಪ್ರತಿಯೊಂದೂ ಹರಡಿಕೊಳ್ಳುವ ಮೊದಲೇ ಒಣಗಿರುತ್ತದೆ. ಹಾಗೆಂದು ಒಮ್ಮೆಗೇ ಸುರಿದರೆ ಬಣ್ಣ ಇಳಿದು ಹನಿಗಟ್ಟುತ್ತದೆ. ಮೊದಲು ಹಿಡಿತಕ್ಕಾಗಿ ಎರಡು ತೆಳುಪದರ, ನಡುವೆ ಹತ್ತು ಹದಿನೈದು ನಿಮಿಷದ ಬಿಡುವು, ಆಮೇಲೆ ಟ್ಯೂಬ್‌ಲೈಟಿನ ಬಿಂಬ ಬಣ್ಣದಲ್ಲಿ ಮೂಡುವುದನ್ನು ನೋಡುತ್ತಲೇ ಒಂದು ಹಸಿ ಪದರ. ಕಣ್ಣು ಏರ್‌ಬ್ರಷ್ಷಿನ ತುದಿಯ ಮೇಲಿರಬಾರದು, ಆ ಬಿಂಬದ ಮೇಲಿರಬೇಕು.

ಸಿಂಪಡಿಸುವ ಕ್ರಮವನ್ನು ಕಾಗದದಲ್ಲಿ ಬರೆದುಕೊಂಡೇ ಶುರುಮಾಡಿದೆ. ಬಾಯ್ಲರಿನ ಹೊಟ್ಟೆ, ಕ್ಯಾಬಿನ ಒಳಭಾಗ, ಕಮಾನು ಹೊದಿಕೆಗಳ ಹಿಂದಿನ ಸಂದು ಮೊದಲು. ಬಾಯ್ಲರಿನ ಬೆನ್ನು, ಕ್ಯಾಬಿನ ಪಕ್ಕೆ, ಟೆಂಡರಿನ ಪಕ್ಕೆ ಎಲ್ಲಕ್ಕಿಂತ ಕೊನೆಗೆ. ಸಂದಿಗೆ ಹೊಡೆದ ಬಣ್ಣದ ತುಂತುರು ಹಾರಿಬಂದು ಆಗಲೇ ಆರುತ್ತಿರುವ ಹೊರಮೈಯ ಮೇಲೆ ಒಣಪುಡಿಯಾಗಿ ಕೂತರೆ ಅಲ್ಲಿ ಹೊಳಪು ಸತ್ತಂತೆಯೇ. ಇಕ್ಕಟ್ಟಿನ ಸಂದಿನಿಂದ ಗಾಳಿ ಮರಳಿ ಚಿಮ್ಮುತ್ತಿದ್ದುದರಿಂದ ಅಲ್ಲಿಗೆ ಒತ್ತಡ ತಗ್ಗಿಸಿ, ತಿನ್ನರ್ ಹೆಚ್ಚಿಸಿಕೊಳ್ಳಬೇಕಾಯಿತು.

ಎದುರು ನೋಡದ ಅಡ್ಡಿ ಬಂದದ್ದು ಟೆಂಡರಿನ ಮೇಲೆ. ಹಸಿ ಪದರ ಬಿದ್ದ ಕೆಲವೇ ಕ್ಷಣಗಳಲ್ಲಿ ಅಲ್ಲಲ್ಲಿ ಬಣ್ಣ ಹಿಂದೆ ಸರಿದು ಮೀನಿನ ಕಣ್ಣಿನಂಥ ದುಂಡನೆಯ ಕುಳಿಗಳು ತೆರೆದುಕೊಂಡವು, ನಡುವೆ ಬೂದು ಪ್ರೈಮರ್ ಇಣುಕುತ್ತಿತ್ತು. ತೊಳೆದದ್ದು ಸರಿಯಿತ್ತು, ಬಣ್ಣವೂ ಸರಿಯಿತ್ತು. ಬಹಳ ಹುಡುಕಿದ ಮೇಲೆ ಪಕ್ಕದ ಕೋಣೆಯ ಬಾಗಿಲಿನ ಕೀಲುಗಳಿಗೆ ಸಿಲಿಕೋನ್ ಎಣ್ಣೆಯ ಸ್ಪ್ರೇ ಹೊಡೆದಿದ್ದ ಸಂಗತಿ ತಿಳಿಯಿತು. ಗಾಳಿಯಲ್ಲಿ ತೇಲಿಬಂದ ಸಿಲಿಕೋನಿನ ಅತಿಸಣ್ಣ ಕಣವೂ ಬಣ್ಣವನ್ನು ದೂರ ತಳ್ಳುತ್ತದೆ. ಅದರ ಮೇಲೆ ಇನ್ನೂ ಬಣ್ಣ ಸುರಿದು ಕುಳಿ ಮುಚ್ಚಲಾಗದು. ಆ ಪಕ್ಕೆಯನ್ನು ಪೂರ್ತಿ ತಿನ್ನರಿನಿಂದ ಒರೆಸಿ ತೆಗೆದು, ಪ್ರತಿ ಒರೆತಕ್ಕೂ ಹೊಸ ಬಟ್ಟೆ ಬಳಸಿ, ಪ್ರೈಮರಿನಿಂದ ಮತ್ತೆ ಬರಬೇಕಾಯಿತು. ಮರದ ಸಾಮಾನು ಹೊಳೆಯಿಸುವ ಸ್ಪ್ರೇಗಳಲ್ಲಿಯೂ ಸಿಲಿಕೋನ್ ಇರುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಡಿ.

ಮಬ್ಬು ಕೂಡ ಒಮ್ಮೆ ಬಂತು, ಹವೆ ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ತಿರುಗಿದ್ದರಿಂದ. ಅದಕ್ಕೆ ಅಷ್ಟು ಗಾಬರಿ ಬೇಡ. ಒಣಹವೆಯ ದಿನ ಬರಿಯ ಲೆವೆಲಿಂಗ್ ತಿನ್ನರನ್ನು ತೆಳುವಾಗಿ ಸಿಂಪಡಿಸಿದರೆ ಮೇಲ್ಪದರ ಮತ್ತೆ ಕರಗಿ, ಸಿಕ್ಕಿಕೊಂಡ ತೇವ ಹೊರಬಿದ್ದು, ಕಪ್ಪು ಮರಳುತ್ತದೆ.

ಮುಂದಿನದು ಕಾಯುವ ಕಾಲ, ಮತ್ತು ಮನಸ್ಸಿಗೆ ಅದೇ ಎಲ್ಲಕ್ಕಿಂತ ಭಾರ. ಲ್ಯಾಕರ್ ಅರ್ಧ ಗಂಟೆಯಲ್ಲಿ ಕೈಗೆ ಒಣಗಿದಂತೆ ತೋರುತ್ತದೆ, ಆದರೆ ದ್ರಾವಕ ಅಡಿಯಿಂದ ಹೊರಬರುತ್ತಲೇ ಇರುತ್ತದೆ ಮತ್ತು ಪದರ ಕುಗ್ಗುತ್ತಲೇ ಇರುತ್ತದೆ. ಬೇಗನೆ ಮಿರುಗಿಸಿದರೆ ಇಂದು ಕನ್ನಡಿಯಾದದ್ದರಲ್ಲಿ ಮುಂದಿನ ವಾರ ಅಡಿಯ ಗೀರುಗಳು ಮೂಡಿರುತ್ತವೆ. ಮೂಗೇ ಇಲ್ಲಿ ಒಳ್ಳೆಯ ಉಪಕರಣ: ಮುಚ್ಚಿಟ್ಟ ಡಬ್ಬವನ್ನು ತೆರೆದಾಗ ತಿನ್ನರಿನ ವಾಸನೆ ಬಂದರೆ ಇನ್ನೂ ಆಗಿಲ್ಲ. ಲ್ಯಾಕರಿಗೆ ಕಡಿಮೆಯೆಂದರೆ ಒಂದು ವಾರ, ಎನಾಮೆಲ್ ಬಳಸಿದವರಿಗೆ ಅದರ ಎಷ್ಟೋ ಪಟ್ಟು.

ಉಜ್ಜಿ ಮಿರುಗಿಸುವುದು ರಿವೆಟ್ಟುಗಳಿಲ್ಲದ ಎಂಜಿನ್ನಿಗೆ ಸುಖದ ಕೆಲಸ. ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ‘ಜೆ’ ವರ್ಗದಂಥ, ನುಣುಪಾದ ಹೊದಿಕೆಯ ಕಪ್ಪು ಎಂಜಿನ್ನು ಕಟ್ಟುವವರನ್ನು ನಾನು ಈ ಒಂದು ಕಾರಣಕ್ಕೆ ಅಸೂಯೆಯಿಂದ ನೋಡುತ್ತೇನೆ. ಹಳೆಯ ಬ್ರಿಟಿಷ್ ಎಂಜಿನ್ನಿನ ಮೇಲೆ ಪ್ರತಿ ಅಂಚೂ ಪ್ರತಿ ಪಟ್ಟಿಯೂ ಶತ್ರುವೇ. ಬಣ್ಣ ಅಂಚಿನಲ್ಲಿ ಯಾವಾಗಲೂ ತೆಳುವಾಗಿದ್ದು, ಎರಡು ಸಲ ಹೆಚ್ಚು ಉಜ್ಜಿದರೆ ಹಿತ್ತಾಳೆ ಹೊಳೆಯುತ್ತದೆ. ಬಾಯ್ಲರ್ ಪಟ್ಟಿಗಳ ಮತ್ತು ಅಂಚುಗಳ ಮೇಲೆ ತೆಳುವಾದ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವಿನ ಬಯಲನ್ನು ಮಾತ್ರ ನೀರಿನೊಡನೆ 3000ದಿಂದ ಮೊದಲಿಟ್ಟು ಇನ್ನೂ ನಯವಾದ ಸ್ಪಾಂಜ್ ಹಾಳೆಗಳಿಂದ ಉಜ್ಜಿದೆ. ಧೂಳಿನ ಕಣಗಳು ಅಲ್ಲಿಯೇ ಹೋದವು. ಬಳಿಕ ತಮಿಯಾದ ಪಾಲಿಶಿಂಗ್ ಕಾಂಪೌಂಡುಗಳು, ಒರಟು, ನಯ, ಅತಿನಯ ಎಂಬ ಕ್ರಮದಲ್ಲಿ, ಪ್ರತಿಯೊಂದಕ್ಕೂ ಬೇರೆ ಬಟ್ಟೆ. ಸಂದುಗಳಲ್ಲಿ ಬಿಳಿಯಾಗಿ ಉಳಿಯುವ ಕಾಂಪೌಂಡನ್ನು ಮೆತ್ತನೆಯ ಬ್ರಷ್ ಮತ್ತು ಸೋಪಿನ ನೀರಿನಿಂದ ಆಗಿಂದಾಗಲೇ ತೆಗೆಯಿರಿ. ಒಣಗಿದ ಮೇಲೆ ಅದು ಹೊರಡುವುದಿಲ್ಲ.

ಗೆರೆಗಳ ಹಂತದಲ್ಲಿ ಈ ಶ್ರಮ ಫಲ ಕೊಟ್ಟಿತು. ಕನ್ನಡಿಯಂಥ ಮೇಲ್ಮೈಯ ಮೇಲೆ ರೂಲಿಂಗ್ ಪೆನ್ನು ತಡೆಯಿಲ್ಲದೆ ಜಾರುತ್ತದೆ. ಗೆರೆಗೆ ಬಳಸಿದ್ದು ಎನಾಮೆಲ್, ಬೇಕೆಂದೇ. ಗಟ್ಟಿಯಾದ ಲ್ಯಾಕರನ್ನು ವೈಟ್ ಸ್ಪಿರಿಟ್ ಏನೂ ಮಾಡಲಾರದು, ಹಸಿ ಎನಾಮೆಲ್ಲನ್ನು ಮಾತ್ರ ಒರೆಸಿಹಾಕುತ್ತದೆ. ಹೀಗಾಗಿ ಸೊಟ್ಟಗಾದ ಗೆರೆಯನ್ನು ಎಷ್ಟು ಸಲ ಬೇಕಾದರೂ ಅಳಿಸಿ ಎಳೆಯಬಹುದು. ನಿಜವಾದ ಎಂಜಿನ್ನಿನ ಅರ್ಧ ಅಂಗುಲದ ಗೆರೆ ಇಲ್ಲಿ 0.3 ಮಿ.ಮೀ. ಆಗುತ್ತದೆ, ಅಷ್ಟು ತೆಳ್ಳಗೆ ಎಳೆಯಲು ಕೈ ಒಪ್ಪದವರಿಗೆ ನೀರಿನಲ್ಲಿ ನೆನೆಸಿ ಅಂಟಿಸುವ ಡೀಕಾಲ್ ಗೆರೆಗಳಿವೆ. ಅವಕ್ಕೂ ಹೊಳಪಿನ ಮೇಲ್ಮೈಯೇ ಬೇಕು, ಮಂಕಿನ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ.

ಗೆರೆಗಳು ವಾರಗಟ್ಟಲೆ ಒಣಗಿದ ಮೇಲೆ ಅವುಗಳ ರಕ್ಷಣೆಗೆ ಹೊಳೆಯುವ ಪಾರದರ್ಶಕ ಪದರವನ್ನು ಹಾಕಿದೆ. ಕೆಳಗೆ ಎನಾಮೆಲ್ ಗೆರೆಯಿರುವುದರಿಂದ ಇಲ್ಲಿ ಹಸಿ ಲ್ಯಾಕರ್ ಕೂಡದು. ತೀವ್ರ ದ್ರಾವಕವಿಲ್ಲದ ಅಕ್ರಿಲಿಕ್ ವಾರ್ನಿಷನ್ನೇ ತೆಳುವಾಗಿ ಹಲವು ಸಲ ಸಿಂಪಡಿಸಿದೆ. ಆಮೇಲೆ ಬಾಯ್ಲರನ್ನು ಮುಚ್ಚಿ ಸ್ಮೋಕ್‌ಬಾಕ್ಸಿಗೂ ಪಾದಹಲಗೆಗೂ ಅರೆಮಂಕು ವಾರ್ನಿಷ್ ಹೊಡೆದೆ. ಟೇಪನ್ನು ಕಿತ್ತಾಗ ಕಂಡ ಬದಲಾವಣೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು: ಬಾಯ್ಲರಿನ ಮೇಲೆ ಹೊಸದಾಗಿ ಏನನ್ನೂ ಹಚ್ಚಿರಲಿಲ್ಲ, ಪಕ್ಕದ ಮಂಕಿನಿಂದಾಗಿಯೇ ಅದರ ಹೊಳಪು ಇಮ್ಮಡಿಯಾಗಿ ತೋರಿತು. ಹಿತ್ತಾಳೆಯ ಹೆಸರು ಫಲಕ, ಸಂಖ್ಯಾ ಫಲಕ, ಕೈಕಂಬಿಗಳು ಎಲ್ಲಕ್ಕಿಂತ ಕೊನೆಗೆ ಬಂದವು.

ಖರ್ಚಿನ ಬಗ್ಗೆ ಕೇಳುವವರಿಗೆ ಇಷ್ಟು ಹೇಳಬಲ್ಲೆ: ಎಲ್ಲಕ್ಕಿಂತ ಕಡಿಮೆ ಖರ್ಚಾದದ್ದು ಕಪ್ಪು ಬಣ್ಣಕ್ಕೆ. ತಿನ್ನರ್ ಅದರ ಹಲವು ಪಟ್ಟು ಹೋಯಿತು, ಬಹುಪಾಲು ಏರ್‌ಬ್ರಷ್ ತೊಳೆಯಲು. ಮುಖವಾಡ, ಬೂತ್, ಕಂಪ್ರೆಸರುಗಳ ಹಣ ಒಂದು ಎಂಜಿನ್ನಿನ ಲೆಕ್ಕಕ್ಕೆ ಸೇರಿಸಿದರೆ ಎದೆ ಧಸಕ್ಕೆನ್ನುತ್ತದೆ. ಮುಂದಿನ ಎಂಜಿನ್ನುಗಳಿಗೆ ಹಂಚಿಕೊಳ್ಳುವುದು ಜಾಣತನ. ಉಳಿಸುವುದಾದರೆ ಬಣ್ಣದ ಬ್ರ್ಯಾಂಡಿನಲ್ಲಿ ಉಳಿಸಿ, ವಾಟರ್ ಪೇಪರಿನಲ್ಲಿ ಉಳಿಸಬೇಡಿ. ಸವೆದ ಹಾಳೆ ಉಜ್ಜುವುದಿಲ್ಲ, ಗೀರುತ್ತದೆ.

ಮುಗಿದ ಎಂಜಿನ್ನನ್ನು ಮೊದಲ ಕೆಲವು ತಿಂಗಳು ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಬಾರದು. ಪೂರ್ತಿ ಗಟ್ಟಿಯಾಗದ ಬಣ್ಣದ ಮೇಲೆ ಗುಳ್ಳೆಗಳ ದುಂಡು ಗುರುತು ಅಚ್ಚೊತ್ತಿ ನಿಲ್ಲುತ್ತದೆ. ಆಮ್ಲರಹಿತ ಟಿಶ್ಯೂ ಕಾಗದವನ್ನು ಸಡಿಲವಾಗಿ ಹೊದಿಸಿ, ಚಾಸಿಯಿಂದ ಹಿಡಿದು ನಿಲ್ಲಿಸುವ ಪೆಟ್ಟಿಗೆ ಮಾಡಿಸಿಕೊಳ್ಳಿ. ಧೂಳು ಕೂತರೆ ಒಣಬಟ್ಟೆಯಿಂದ ಒರೆಸಬೇಡಿ, ಅದು ಗೀರುಗಳನ್ನು ಮಾಡುವುದಲ್ಲದೆ ಸ್ಥಿರವಿದ್ಯುತ್ತಿನಿಂದ ಇನ್ನಷ್ಟು ಧೂಳನ್ನು ಕರೆಯುತ್ತದೆ. ಮೆತ್ತನೆಯ ಮೇಕಪ್ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ತಳ್ಳಿದರೆ ಸಾಕು. ಚಕ್ರದ ಬೇರಿಂಗುಗಳಿಗೆ ಎಣ್ಣೆ ಬಿಡುವಾಗ ಸೂಜಿಯ ತುದಿಯಷ್ಟೇ ಬಿಡಿ, ಮತ್ತು ಅದು ಸಿಲಿಕೋನ್ ಎಣ್ಣೆಯಾಗದಿರಲಿ: ಮುಂದೆಂದಾದರೂ ಆ ಕಪ್ಪನ್ನು ತಿದ್ದಬೇಕಾಗಿ ಬಂದಾಗ ಕುಳಿಗಳೊಂದಿಗೆ ಮತ್ತೆ ಗುದ್ದಾಡುವ ಪಾಡು ತಪ್ಪುತ್ತದೆ.